ಕುತ್ತಿಗೆಯ ಬಳಿ ಬಂದ ಜರಿ

ಹುಮನಾಬಾದಿನ ಬಸ್ಸಿಗೆ ಇನ್ನೂ ಹೊತ್ತಿದ್ದುದರಿಂದ ಬಸವಕಲ್ಯಾಣದ ಗವಿಯೊಂದರಲ್ಲಿ ಕೂತಿದ್ದೆವು. ಹುಳುಗಳನ್ನು ಅಧ್ಯಯನ ಮಾಡುವ ಗೆಳತಿ ಸುಮಾ, ಒಂದೇ ದ್ವೀಪದ ಗವಿಗಳಲ್ಲಿ ಮಾತ್ರ ಬದುಕುವ ಜರಿಹುಳದ ಬಗ್ಗೆ ಹೇಳುತ್ತಿದ್ದವಳು ತಟ್ಟನೆ ಮಾತು ನಿಲ್ಲಿಸಿದಳು. ಗೇಣುದ್ದದ ಜರಿಯೊಂದು ನನ್ನ ತೋಳೇರಿ ಕುತ್ತಿಗೆಯತ್ತ ಬರುತ್ತಿತ್ತು. ಕೊಡವಲು ಕೈಯೆತ್ತಿದೆ.

"ಅಲುಗ್ಯಾಡಬ್ಯಾಡ್ರಿ, ಕೊಡವಿದ್ರ ಕಡಿತದ," ಎಂದರು ಗವಿ ಗುಡಿಸುವ ಕಾಶಮ್ಮ. ಕಸಬರಿಗೆಯನ್ನು ನನ್ನ ಭುಜಕ್ಕೆ ಆನಿಸಿ ಕಾದರು. ಕೊನೆಗೂ ಅದು ಕಸಬರಿಗೆಯ ಮೇಲೆ ಹತ್ತಿತು.

ಹೊರಗೊಯ್ದು ಹೊಡೆಯುತ್ತಾರೆಂದುಕೊಂಡೆ. ಅವರು ಗವಿಯ ಒಳಕ್ಕೆ ಹೋಗಿ ಕಲ್ಲಿನ ಸಂದಿಯಲ್ಲಿ ಬಿಟ್ಟರು.

"ನಿಮಗೆ ಎಂದೂ ಕಡಿದಿಲ್ಲವಾ?" ಎಂದಳು ಸುಮಾ, ಆ ಸಂದಿಗೆ ಟಾರ್ಚ್ ಹಿಡಿದು.

"ಹೋದ ವರ್ಷ ಕಡದಿತ್ರಿ. ಮೂರ್ ದಿನ ಕೈ ಎತ್ತಾಕ ಬರಲಿಲ್ಲ," ಎಂದ ಕಾಶಮ್ಮ, ಜರಿ ಪೂರ್ತಿ ಒಳಗೆ ಸೇರುವ ತನಕ ಆ ಬೆಳಕು ಅದರ ಮೇಲೆ ಬೀಳದಂತೆ ಅಂಗೈ ಅಡ್ಡ ಹಿಡಿದು ನಿಂತರು.