ಎರಡನೇ ಸಲ ಕೇಳಿದ ಕೌಲು

ನಮ್ಮ ಬಡಾವಣೆಯಲ್ಲಿ ಯಾರನ್ನು ಕೇಳಿದರೂ ಒಂದೇ ಕತೆ ಹೇಳುತ್ತಾರೆ: ನನ್ನ ಅಪ್ಪ ಬೀರಪ್ಪನ ಗುಡಿಗೆ ಜಾಗ ದಾನ ಕೊಟ್ಟ, ದೇವರು ಹೂ ಕೊಟ್ಟು ಒಪ್ಪಿದ. ಗುಡಿಯ ಗೋಡೆಯ ಮಾರ್ಬಲ್ ಫಲಕದಲ್ಲಿ ಇದನ್ನೇ ಮರಾಠಿಯಲ್ಲಿ ಕೆತ್ತಿಸಿದ್ದೂ ಆಗಿದೆ. ಈ ಕತೆಗೆ ನನ್ನದು ಎರಡು ತಕರಾರು. ಆ ಜಾಗ ದಾನ ಕೊಡಲು ಅಪ್ಪನದಾಗಿ ಉಳಿದಿರಲೇ ಇಲ್ಲ. ಹೊಲವನ್ನು ಪ್ಲಾಟು ಮಾಡುವಾಗ ಎಲ್ಲರಿಗೂ ಸೇರಿದ್ದೆಂದು ಖಾಲಿ ಬಿಡಲೇಬೇಕಾದ ತುಂಡು ಅದು. ಇನ್ನು ಹೂವಿನ ವಿಷಯ. ಆ ದಿನ ನಾನು ಅಲ್ಲಿದ್ದೆ. ಇದ್ದೆ ಅಂದರೆ ಕಡಿಮೆ ಹೇಳಿದ ಹಾಗಾಯಿತು. ಅದನ್ನು ಮಾಡಿಸಿದವಳೇ ನಾನು.

ಮಹಾರಾಷ್ಟ್ರದ ಉದಗೀರದಿಂದ ನಿಲಂಗಾ ಕಡೆ ಹೋಗುವ ರಸ್ತೆಗೆ ಹತ್ತಿಕೊಂಡೇ ನಮ್ಮ ಹೊಲವಿತ್ತು. ಅದರ ಮೂಲೆಯಲ್ಲಿ, ಬೇವಿನ ಬುಡಕ್ಕೆ, ಬೀರಪ್ಪನ ಕಲ್ಲು. ನಾವು ಲಿಂಗ ಕಟ್ಟಿಕೊಳ್ಳುವ ಮಂದಿ, ಬೀರಪ್ಪ ನಮ್ಮ ಮನೆದೇವರಲ್ಲ. ಆದರೆ ಪ್ರತಿವರ್ಷ ಜೋಳದ ರಾಶಿ ಮುಗಿದ ಮೇಲೆ ಮುರುಮ ಕಡೆಯ ಕುರಿಗಾರನೊಬ್ಬ ಹಿಂಡು ಹೊಡೆದುಕೊಂಡು ಬರುತ್ತಿದ್ದ. ನಾನು ಅವನನ್ನು ಮುತ್ಯಾ ಅಂತಲೇ ಕರೆಯುತ್ತ ಬೆಳೆದೆ. ಕಲ್ಲಿಗೆ ಭಂಡಾರ ಹಚ್ಚಿ ಅದರ ಎದುರಿಗೇ ಕುರಿ ತರುಬುತ್ತಿದ್ದ. ಹಾಗೆ ಕೆಲವು ದಿನ ಹಿಂಡು ಹೊಲದಲ್ಲೇ ಕೂತರೆ ನೆಲಕ್ಕೆ ಗೊಬ್ಬರ, ಅವನಿಗೆ ಜೋಳ. ಗೊಬ್ಬರ, ಜೋಳ ನಮ್ಮ ಮಾತು. ಅವನಿಗೆ ಬೇಕಾದದ್ದು ಬೇರೆ: ವರ್ಷಕ್ಕೊಮ್ಮೆ ತನ್ನ ಕುರಿಗಳು ಆ ದೇವರ ಮುಂದೆ ಮಲಗಿ ಏಳಬೇಕು. ಅದು ತಪ್ಪಿದರೆ ಹಿಂಡು ತನ್ನದಾಗಿ ಉಳಿಯುವುದಿಲ್ಲ ಎಂದು ನಂಬಿದ್ದ.

ನಾಲ್ಕು ವರ್ಷದ ಹಿಂದೆ ಹೊಲದಲ್ಲಿ ಸುಣ್ಣದ ಗೆರೆಗಳು ಬಿದ್ದವು. ಕಲ್ಲಿದ್ದ ಮೂಲೆ ನಮ್ಮ ಸ್ವಂತ ಮನೆಗೆಂದು ಇಟ್ಟುಕೊಂಡ ಪ್ಲಾಟಿನಲ್ಲಿ, ನಕಾಶೆಯ ಪ್ರಕಾರ ಸರಿಯಾಗಿ ಅಡುಗೆಮನೆಯಲ್ಲಿ ಬಂತು. ಅವ್ವನ ಮೇಲೆ ತಪ್ಪು ಹೊರಿಸಲಾರೆ. "ಊರಾಗಿನ ವಾಡೇದಾಗ ಕತ್ತಲಾಗ ಕುಂತ ರೊಟ್ಟಿ ಬಡದು ಬಡದು ಕಣ್ಣ ಹೋದೂ. ನನಗ ಮೂಡಣಕ್ಕ ಒಂದ ದೊಡ್ಡ ಕಿಟಕಿ ಬೇಕು, ಮತ್ತೇನೂ ಬ್ಯಾಡ" ಎಂದಿದ್ದಳು. ಬೇಡಿಕೆ ನ್ಯಾಯವಾದದ್ದೇ. ಮೂಡಣದಲ್ಲಿ ಬೇವಿತ್ತು, ಬೇವಿನ ಬುಡದಲ್ಲಿ ಕಲ್ಲಿತ್ತು.

ಪ್ಲಾಟಿನ ಹಿಂದೆ ಎಲ್ಲರಿಗೆಂದು ಬಿಟ್ಟ ಖಾಲಿ ತುಂಡಿನಲ್ಲಿ ಗುಡಿ ಕಟ್ಟಿಸಿ ಕಲ್ಲನ್ನು ಅಲ್ಲಿಗೆ ಒಯ್ಯೋಣ ಅಂದ ಅಪ್ಪ. ಮುತ್ಯಾ ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ.

"ಕಲ್ಲ ನಂದಲ್ರೀ ಮಾಲಕ್ರ. ಅಂವನ್ನ ಕೇಳ್ರಿ."

ಅಂವನ್ನ ಕೇಳುವುದೆಂದರೆ ಕೌಲು ಕೇಳುವುದು. ಅವರ ಪೂಜಾರಿ ಬಂದ. ಒದ್ದೆ ಮಾಡಿದ ಎರಡು ಹೂವಿನ ಎಸಳುಗಳನ್ನು ಕಲ್ಲಿನ ಎಡಬಲಕ್ಕೆ ಅಂಟಿಸಿ, "ಅತ್ತಾಗ ಬರೂದಿದ್ರ ಬಲ ಕೊಡು, ಒಲ್ಲೆಂದ್ರ ಎಡ ಕೊಡು" ಎಂದು ಕೈಮುಗಿದ. ರಸ್ತೆಯ ಕಡೆಯಿಂದ ಗಾಳಿ ಬೀಸುತ್ತಿತ್ತು. ಎಡದ ಎಸಳು ಬಿತ್ತು.

"ಒಲ್ಲೆ ಅಂದ. ಮುಗೀತು" ಎಂದು ಮುತ್ಯಾ ಕಂಬಳಿ ಹೆಗಲಿಗೇರಿಸಿದ.

ಅಪ್ಪನ ಮುಖ ಇಳಿದದ್ದು ಕಂಡೆ. ಆಗ ನಾನು ಲಾತೂರಿನ ಕಾಲೇಜಿನಲ್ಲಿದ್ದೆ, ವಾದವಿವಾದ ಸ್ಪರ್ಧೆಗಳಲ್ಲಿ ಗೆದ್ದ ಕಪ್ಪುಗಳು ವಾಡೆಯ ಮಾಡದಲ್ಲಿ ಹಿಡಿಸದಷ್ಟಿದ್ದವು. ಬಾಯಿ ಸುಮ್ಮನಿರಲಿಲ್ಲ.

"ಮುತ್ಯಾ, ಅದು ಗಾಳಿ."

"ಗಾಳೀನೂ ಅಂವಂದ, ಯವ್ವಾ."

ಎಲ್ಲರೂ ನಕ್ಕರು. ನನಗೆ ಛಲ ಬಂತು.

"ಹಂಗಿದ್ರ ಗಾಳಿ ಇಲ್ಲದಾಗೂ ಅಂವಾ ಅದನ್ನ ಹೇಳಬೇಕಲ್ಲ? ಖರೆ ಇದ್ದದ್ದು ಎರಡನೇ ಸಲ ಕೇಳಿದ್ರ ಸುಳ್ಳಾಗ್ತದೇನು? ನಿನಗ ನಿನ್ನ ದೇವರ ಮ್ಯಾಲ ಭರವಸಾ ಇಲ್ಲೇನು?"

"ಎರಡು ಸಲ ಕೇಳೂ ಪದ್ಧತಿ ಇಲ್ರೀ ನಮ್ಮಾಗ" ಎಂದು ಪೂಜಾರಿ ಗೊಣಗಿದ. ಆದರೆ ನನ್ನ ಕೊನೆಯ ಪ್ರಶ್ನೆ ಆಗಲೇ ಮುತ್ಯಾನಿಗೆ ತಾಗಿತ್ತು. ಬೇಡವೆಂದರೆ ದೇವರನ್ನು ನಂಬದವನಾಗುತ್ತಾನೆ, ಆಗಲೆಂದರೆ ಪದ್ಧತಿ ಮುರಿಯುತ್ತಾನೆ. ಎದುರಾಳಿಯನ್ನು ಎಲ್ಲಿ ನಿಲ್ಲಿಸಬೇಕೆಂದು ನನಗೆ ಕಲಿಸಿದ್ದರು. ಮುತ್ಯಾ ತನ್ನ ಕಂಬಳಿಯನ್ನೇ ಬಿಚ್ಚಿ ಗಾಳಿಗೆ ಅಡ್ಡ ಹಿಡಿಯಲು ಕೊಟ್ಟ. ಅದರ ಒಂದು ಚುಂಗನ್ನು ಅಪ್ಪ ಹಿಡಿದ, ಇನ್ನೊಂದನ್ನು ನಾನು. ಈ ಸಲ ಬಲದ್ದು ಬಿತ್ತು.

ಅಪ್ಪ "ಬೀರಪ್ಪಾ!" ಎಂದು ಕೂಗಿಯೇಬಿಟ್ಟ. ಮುತ್ಯಾ ಒಂದೇ ಮಾತು ಕೇಳಿದ: "ಕುರಿ?"

"ಕುರಿ ಮೊದಲಿನ ಹಂಗ. ಗುಡಿ ಮುಂದ ತರುಬು, ಯಾರ ಕೇಳ್ತಾರ ನಿನಗ? ಮಾತ ಕೊಟ್ಟೀನಿ ನಾ" ಎಂದ ಅಪ್ಪ.

ನಾನು ಹೂವನ್ನು ನಂಬುವವಳಲ್ಲ. ಮೊದಲನೆಯದು ಗಾಳಿಗೆ ಬಿದ್ದಿದ್ದರೆ ಎರಡನೆಯದು ಒಣಗಿ ಬಿದ್ದದ್ದು, ಅಷ್ಟೆ. ನಂಬದವಳು ಕೇಳಬೇಕಾದದ್ದು, ಹೂವಿನ ಮಾತೇ ಬಿಟ್ಟು, ಈ ಮುದುಕನಿಗೆ ಇದು ಬೇಕೋ ಬೇಡವೋ ಎಂದು. ಅದನ್ನು ಕೇಳಲಿಲ್ಲ. ನಮಗೆ ಬೇಕಾದ ಉತ್ತರ ಬಂದ ಕೂಡಲೇ ನನ್ನ ಸಂಶಯ ನಿಂತುಹೋಯಿತು. ಇವತ್ತು ನನಗೆ ನಾಚಿಕೆ ತರುವುದು ಅದು.

ಕಲ್ಲು ಗುಡಿಗೆ ಹೋಯಿತು, ಮನೆ ಎದ್ದಿತು. ಅವ್ವನ ಕಿಟಕಿಯಿಂದ ಬೆಳಕು ಧಾರಾಳವಾಗಿ ಬರುತ್ತದೆ. ಬಂದವರಿಗೆಲ್ಲ ಅಪ್ಪ ಮೊದಲು ಕಿಟಕಿ ತೋರಿಸಿ, ಆಮೇಲೆ ಗುಡಿಗೆ ಕರೆದೊಯ್ಯುತ್ತಾನೆ. ಎರಡು ವರ್ಷ ಪ್ಲಾಟುಗಳಲ್ಲಿ ಇನ್ನೂ ಮನೆಗಳಿರಲಿಲ್ಲ, ಕುರಿಗಳು ಬಂದು ಹೋದವು. ಆಮೇಲೆ ಕಮಾನು ಬಂತು, ಗೇಟು ಬಂತು, ಸೊಸೈಟಿ ಬಂತು.

ಈ ವರ್ಷ ರಜೆಗೆ ಬಂದಿದ್ದೆ. ಬೆಳಿಗ್ಗೆ ಹತ್ತರ ಹೊತ್ತಿಗೆ ಗೇಟಿನಲ್ಲಿ ಗದ್ದಲ. ರಸ್ತೆಯ ತುಂಬ ಮುತ್ಯಾನ ಹಿಂಡು, ಹಿಂದೆ ಲಾರಿಗಳ ಹಾರ್ನು. ಗೇಟು ಮುಚ್ಚಿತ್ತು. ಒಳಗೆ ಸೊಸೈಟಿಯ ಸೆಕ್ರೆಟರಿ, ನಿವೃತ್ತ ಮಾಸ್ತರು, ಬಹಳ ಸೌಜನ್ಯದಿಂದ ಹೇಳುತ್ತಿದ್ದರು:

"ನೀವ ಬರ್ರಿ, ದರ್ಶನ ತಗೋರಿ, ಚಹಾ ಕುಡೀರಿ. ಕುರಿ ಮಾತ್ರ ನಕೋ, ಬ್ಯಾಡ. ಪೇವರ್ ಬ್ಲಾಕ್ ಮ್ಯಾಲೆಲ್ಲಾ ಹಿಕ್ಕಿ ಆಗ್ತದ."

"ಸಾಹೇಬ್ರ, ಒಳಗ ಗುಡ್ಯಾಗ ಕುಂತಾಂವ ಕುರಿ ಕಾದಾಂವ್ರೀ. ಅಂವನ ಕುರಿ ಹೊರಗಿಟ್ಟು ಅಂವನ್ನಷ್ಟ ಇಟಗೊಂಡ್ರ ಹೆಂಗ?"

"ಕಾಕಾ, ನಿನ್ನ ದೇವರೀಗ ಕಾಲನಿಯಾಂವ ಆಗ್ಯಾನ. ಕುರಿ ಮಾರಿ ಸ್ಕೂಟಿ ತಗೊಂಡಾನ!" ಎಂದು ಸ್ಕೂಟಿಯ ಮೇಲೆ ಕೂತಿದ್ದವನೊಬ್ಬ ಅಂದ. ನಕ್ಕವರಲ್ಲಿ ವಾಚ್‌ಮನ್ನೂ ಒಬ್ಬ.

ಮುತ್ಯಾ ನನ್ನನ್ನು ಕಂಡ. "ಯವ್ವಾ, ನಿಮ್ಮಪ್ಪಗ ಕರಿ. ಮಾತ ಕೊಟ್ಟಾರ ಅವರು."

ಕರೆದೆ. ಅಪ್ಪ ಬರುವವರೆಗೆ ನಾನೇ ವಾದಕ್ಕಿಳಿದೆ: ಇದು ಹೊಲ ಇದ್ದಾಗಿನಿಂದ ಬಂದದ್ದು, ಗುಡಿ ಬಂದದ್ದೇ ಈ ಕರಾರಿನ ಮೇಲೆ, ಇದನ್ನು ತಪ್ಪಿಸಲು ಸೊಸೈಟಿಗೆ ಅಧಿಕಾರವಿಲ್ಲ. ಮಾಸ್ತರು ಸಿಟ್ಟಾಗಲಿಲ್ಲ. ಅವರ ಮುಖದಲ್ಲಿದ್ದದ್ದು ಶುದ್ಧ ಗಲಿಬಿಲಿ.

"ಯಾವ ಕರಾರವಾ ಇದು? ನಾ ಇದ್ದ ಪುಂಜಿ ಎಲ್ಲಾ ಹಾಕಿ ಪ್ಲಾಟ ತಗೊಂಡೀನಿ. ನನಗ ತೋರಿಸಿದ ನಕಾಶದಾಗ ಅಲ್ಲಿ ಗಾರ್ಡನ್ ಅಂತ ಬರದಿತ್ತು. ಕುರಿ ಬರ್ತಾವ ಅಂತ ನಮಗ ಯಾರೂ ಹೇಳಿಲ್ಲ."

ಅಷ್ಟರಲ್ಲಿ ಅಪ್ಪ ಬಂದು ನನ್ನ ಪಕ್ಕ ನಿಂತಿದ್ದ. ಮುತ್ಯಾ ಗೇಟಿನ ಸರಳು ಹಿಡಿದು ಅವನನ್ನೇ ನೋಡುತ್ತಿದ್ದ. ಮಾಸ್ತರೂ ನೋಡುತ್ತಿದ್ದರು. ಅಪ್ಪ ಮೊಬೈಲು ತೆಗೆದ, ಯಾರಿಗೂ ಹಚ್ಚದೆ ಮತ್ತೆ ಕಿಸೆಗೆ ಹಾಕಿದ.

ನಾನು ಕೇಳಿದೆ:

"ಅಪ್ಪಾ, ಪ್ಲಾಟ ತಗೊಂಡ ಮಂದ್ಯಾಗ ಒಬ್ಬರಿಗರೆ ನೀ ಈ ಕುರಿ ಮಾತ ಹೇಳಿದ್ಯೇನು?"