ಜೆರಾಕ್ಸ್ ಆಂಟಿಯ ಮಗಳ ಮೊದಲ ಸ್ಥಾನ

ಶಾಲೆಯ ಗೇಟಿನ ಎದುರಿಗಿದ್ದ ಜೆರಾಕ್ಸ್ ಅಂಗಡಿಯಲ್ಲಿ ಇಬ್ಬರು ನಿಂತರೆ ಮೂರನೆಯವರು ರಸ್ತೆಯಲ್ಲೇ ಕಾಯಬೇಕು. ಹನ್ನೊಂದು ವರ್ಷದಿಂದ ಅದನ್ನು ನಡೆಸುತ್ತಿದ್ದವಳನ್ನು ಮಕ್ಕಳೆಲ್ಲ ಜೆರಾಕ್ಸ್ ಆಂಟಿ ಎನ್ನುತ್ತಿದ್ದರು. ಓದು ಎಂಟನೇ ತರಗತಿಗೇ ನಿಂತುಹೋಗಿದ್ದರೂ, ಪುಟ ಮಗುಚಿ ಮಗುಚಿ ಯಾವ ಮಗುವಿನ ಅಕ್ಷರ ಹೇಗೆ, ಯಾರು ಲೆಕ್ಕದಲ್ಲಿ ಎಡವುತ್ತಾರೆ ಎಂಬುದೆಲ್ಲ ಅವಳಿಗೆ ಬಾಯಿಪಾಠ. ಅದೇ ಶಾಲೆಯಲ್ಲಿ ಒಂಬತ್ತನೇ ತರಗತಿ ಓದುತ್ತಿದ್ದ ಮಗಳು ಚೀಲ ಇಳಿಸುವ ಮೊದಲೇ ಇವಳ ಪ್ರಶ್ನೆ ತಯಾರು.

"ನಿನಗೆಷ್ಟು ಬಂತು? ಜಡೆಗೆಷ್ಟು?"

ಜಡೆ ಎಂದರೆ ಮಗಳ ಗೆಳತಿ, ಸೊಂಟ ಮುಟ್ಟುವ ಎರಡು ಜಡೆಯ ಹುಡುಗಿ. ಮೂರು ವರ್ಷದಿಂದ ಮೊದಲ ಸ್ಥಾನ ಅವಳದು, ಎರಡನೆಯದು ಮಗಳದು.

ವಾರ್ಷಿಕ ಪರೀಕ್ಷೆಗೆ ಹತ್ತು ದಿನ ಇರುವಾಗ ಜಡೆ ತನ್ನ ವಿಜ್ಞಾನದ ನೋಟ್ಸ್ ತಂದುಕೊಟ್ಟಳು. "ಆಂಟಿ, ಕ್ಲಾಸಲ್ಲಿ ಸುಮಾರು ಜನರ ಹತ್ರ ಪೂರ್ತಿ ನೋಟ್ಸ್ ಇಲ್ಲ. ಎರಡು ದಿನ ಇದು ಇಲ್ಲೇ ಇರಲಿ, ಯಾರು ಕೇಳಿದ್ರೂ ಕಾಪಿ ಮಾಡಿಕೊಡಿ."

"ನಿನಗೆ ಓದೋಕೆ ಬೇಡ್ವೇನೇ?"

"ಆಮೇಲೆ ಓದ್ಕೋತೀನಿ ಬಿಡಿ."

ಮರುದಿನ ಸಂಜೆ, ಯಾರೂ ಕಾಪಿ ಮಾಡಿಸುವ ಮೊದಲೇ, ನೋಟ್ಸ್ ನಾಪತ್ತೆ. ಜೆರಾಕ್ಸ್ ಆಂಟಿ ಹಾಳೆಯ ಕಟ್ಟುಗಳನ್ನೆಲ್ಲ ಕೆಳಗಿಳಿಸಿದಳು, ರದ್ದಿಯ ಮೂಟೆ ಸುರಿದು ಒಂದೊಂದು ಹಾಳೆಯನ್ನೂ ಬಿಡಿಸಿ ನೋಡಿದಳು. ಜಡೆಯೇ ಕೈಜೋಡಿಸಿ ಮಷೀನನ್ನು ಗೋಡೆಯಿಂದ ಈಚೆಗೆ ಎಳೆಯಿಸಿದಳು; ಹಿಂದೆ ಬರೀ ಧೂಳು. ಮಗಳೂ ಬೆಂಚಿನ ಕೆಳಗೆ ಬಗ್ಗಿ ಹುಡುಕಿದಳು. ಕೊನೆಗೆ ಜಡೆ ಮೆಟ್ಟಿಲ ಮೇಲೆ ಕೂತು ಬಿಕ್ಕಿದಳು. ಆಮೇಲೆ ಕಣ್ಣೊರೆಸಿಕೊಂಡು, "ಬಿಡಿ ಆಂಟಿ, ನೀವೇನು ಬೇಕು ಅಂತ ಮಾಡಿದ್ರಾ?" ಎಂದಳು.

ಫಲಿತಾಂಶದಲ್ಲಿ ಮಗಳು ಮೊದಲನೆಯವಳು. ಜಡೆ ನಾಲ್ಕನೆಯವಳು, ವಿಜ್ಞಾನ ಕೈಕೊಟ್ಟಿತ್ತು. ಗೇಟಿಗೆ ಮಗಳ ಫೋಟೋದ ಬ್ಯಾನರ್ ಬಿತ್ತು. ಜೆರಾಕ್ಸ್ ಆಂಟಿಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಬಂದ ಗಿರಾಕಿಗೆಲ್ಲ ಬೆರಳು ಮಾಡಿ ತೋರಿಸಿದ್ದೇ ತೋರಿಸಿದ್ದು.

ರಜೆಯಲ್ಲಿ ಮಗಳ ಹಳೆಯ ಪುಸ್ತಕಗಳನ್ನು ರದ್ದಿಗೆ ಹಾಕಲೆಂದು ಮಂಚದ ಕೆಳಗಿನಿಂದ ಎಳೆದಾಗ, ಭೂಪಟದ ಪುಸ್ತಕದೊಳಗಿಂದ ಜಡೆಯ ನೋಟ್ಸ್ ಜಾರಿ ಬಿತ್ತು. ಅವಳು ಅದನ್ನೆತ್ತಿ ಮಗಳ ಮುಂದೆ ಹಿಡಿದಳು.

"ಇದೇನೇ ಇದು?"

ಮಗಳು ಅಳಲೂ ಇಲ್ಲ, ನೆಪ ಹೇಳಲೂ ಇಲ್ಲ. "ದಿನಾ ಕೇಳ್ತಿದ್ದೆಯಲ್ಲಮ್ಮ, ಜಡೆಗೆಷ್ಟು ಅಂತ. ಒಂದ್ಸಲನಾದ್ರೂ ನನಗಿಂತ ಕಮ್ಮಿ ಅಂತ ಹೇಳ್ಬೇಕಿತ್ತು ನಂಗೆ."

ಎತ್ತಿದ ಕೈ ಅಲ್ಲೇ ನಿಂತಿತು. ಹೊಡೆಯುವುದು ಯಾರಿಗೆ?

ಮರುದಿನ ಜೆರಾಕ್ಸ್ ಆಂಟಿ ಹೆಡ್ ಮಿಸ್ ಹತ್ತಿರ ಹೋಗಿ ಎಲ್ಲ ಹೇಳಿದಳು. ಅವರು ಎದ್ದು ಬಾಗಿಲು ಮುಂದೆ ಮಾಡಿದರು.

"ನೋಡಮ್ಮ, ಪರೀಕ್ಷೆ ಬರೆದದ್ದು ನಿಮ್ಮ ಮಗಳೇ ತಾನೇ? ಈಗ ಇದನ್ನ ಎತ್ತಿದ್ರೆ ಆ ಮಗುಗೆ ಅಂಕ ಬರಲ್ಲ, ನಿಮ್ಮ ಮಗುಗೆ ಹೆಸರು ಕೆಡತ್ತೆ. ಬ್ಯಾನರ್ ಬೇರೆ ಹಾಕಿದ್ದೀವಿ."

"ನಡತೆ ಅಂತ ಒಂದು ಇರತ್ತಲ್ಲ ಮೇಡಂ?"

"ಅದಕ್ಕೂ 'ಉತ್ತಮ' ಅಂತ ಬರೆದಾಗಿದೆಯಮ್ಮ."

ಅಲ್ಲಿಂದ ಮನೆಗೆ ಬಂದವಳೇ ಮಗಳನ್ನು ಕರೆದುಕೊಂಡು ಜಡೆಯ ಮನೆಗೆ ಹೊರಟಳು. "ನೀನೇ ಹೇಳ್ಬೇಕು, ನಿನ್ನ ಬಾಯಿಂದಾನೇ" ಎಂದು ದಾರಿಯುದ್ದಕ್ಕೂ ಹೇಳಿದ್ದೇ ಹೇಳಿದ್ದು. ಬಾಗಿಲು ತೆರೆದ ಜಡೆ ನೋಟ್ಸ್ ಕಂಡು ಕುಣಿದಾಡಿಬಿಟ್ಟಳು.

"ಅಯ್ಯೋ, ಸಿಕ್ತಾ! ಎಲ್ಲಿತ್ತು ಆಂಟಿ?"

ಮಗಳು ಮುಖ ಬಿಳಿಚಿಕೊಂಡು ತಾಯಿಯನ್ನೇ ನೋಡಿದಳು. ಆ ನೋಟ ಸಹಿಸಲಾಗಲಿಲ್ಲ.

"ಮಷೀನ್ ಹಿಂದೆ ಬಿದ್ದಿತ್ತು ಕಣಮ್ಮ" ಎಂದಳು ಜೆರಾಕ್ಸ್ ಆಂಟಿ. "ನನ್ನದೇ ತಪ್ಪು."

ಮಷೀನ್ ಎಳೆಯಿಸಿದ್ದವಳೇ ಜಡೆ. ಅವಳ ನಗು ನಿಧಾನಕ್ಕೆ ಇಳಿಯಿತು. ಗೆಳತಿಯ ಮುಖ ನೋಡಿದಳು, ಆಂಟಿಯ ಮುಖ ನೋಡಿದಳು. "ಹೌದಾ ಆಂಟಿ" ಎಂದಷ್ಟೇ ಹೇಳಿ ಬಾಗಿಲು ಹಾಕಿಕೊಂಡಳು.

ವಾಪಸಾಗುವಾಗ ಅರ್ಧ ದಾರಿಯವರೆಗೆ ಮಗಳು ತಲೆ ತಗ್ಗಿಸಿಕೊಂಡೇ ನಡೆದಳು. ಆಮೇಲೆ ಮಗಳ ನಡಿಗೆ ಹಗುರಾಯಿತು.

"ಅಮ್ಮ, ಹತ್ತನೇ ಕ್ಲಾಸಿಗೆ ಟ್ಯೂಷನ್ ಈಗಲೇ ಸೇರ್ಕೋಬೇಕಂತೆ. ಸೇರಿಸ್ತೀಯಾ?"

ನಿಲ್ಲಿಸಿ ನಾಲ್ಕು ಮಾತು ಬುದ್ಧಿ ಹೇಳಬೇಕೆಂದು ತಾಯಿಗನಿಸಿತು. ಯಾವ ಮುಖ ಇಟ್ಟುಕೊಂಡು ಹೇಳುವುದು? "ಹೂಂ" ಎಂದಳು. ಮಗಳು ಮುಂದೆ ಮುಂದೆ ನಡೆಯುತ್ತಿದ್ದಳು; ಅವಳು ಹಿಂದೆ ಹಿಂದೆ ಹೋದಳು.