ದಬದಬಿಯ ಬಂಡೆ ಕಾಯುವ ಸುಂದರಬಾಯಿ

ಭಾನುವಾರದ ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸುಂದರಬಾಯಿ ಆಗಲೇ ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಜಾಲಿ ಮುಳ್ಳಿನ ದೊಡ್ಡ ಟೊಂಗೆಯೊಂದನ್ನು ಬಂಡೆಯ ಮೇಲೆ ಎಳೆದುಕೊಂಡು ಹೊರಟಿದ್ದಾರೆ. ಜಲಪಾತದ ಪಾಚಿ ಕಟ್ಟಿದ ಅಂಚಿಗೆ ಯಾರೂ ಇಳಿಯಬಾರದೆಂದು ಅವರು ಮುಳ್ಳಿನ ಬೇಲಿ ಹಚ್ಚುತ್ತಾರೆ. ಫೋಟೊ ಹೊಡೆಸಿಕೊಳ್ಳಲು ಬಂದವರು ಅದನ್ನು ಕಿತ್ತು ನೀರಿಗೆ ಎಸೆದು ಹೋಗುತ್ತಾರೆ. ಮರುದಿನ ಇವರು ಮತ್ತೆ ಹಚ್ಚುತ್ತಾರೆ.

“ನಮ್ಮ ಅಡವ್ಯಾಗ ಮುಳ್ಳಿಗೇನು ಬರ ಐತೇನ್ರಿ? ಅವರು ಕೀಳ್ಲಿ, ನಾ ಹಚ್ತೀನಿ,” ಎನ್ನುತ್ತಾ ಅಂಗೈಗೆ ಚುಚ್ಚಿದ ಮುಳ್ಳನ್ನು ಹಲ್ಲಿನಿಂದ ತೆಗೆಯುತ್ತಾರೆ.

ಚಿಂಚೋಳಿ ದಾಟಿ ತೆಲಂಗಾಣದ ಗಡಿಯತ್ತ ಕಾಡಿನ ದಾರಿ ಹಿಡಿದರೆ ಸಿಗುವ ಈ ಜಲಪಾತವನ್ನು ಸುತ್ತಲಿನವರು ಬರೀ ‘ದಬದಬಿ’ ಅನ್ನುತ್ತಾರೆ. ಬೇಸಿಗೆಯಲ್ಲಿ ಒಣ ಬಂಡೆ. ಮಳೆ ಹಿಡಿದರೆ ಮಾತ್ರ ಹೆಸರಿಗೆ ತಕ್ಕ ಸದ್ದು. ಆಗ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದಿನಿಂದ ಕ್ರೂಸರ್ ಜೀಪುಗಳಲ್ಲಿ, ಬೈಕುಗಳಲ್ಲಿ ಜನ ಬರುತ್ತಾರೆ. ವಾರವಿಡೀ ಸಿಮೆಂಟು, ಫರಸಿಕಲ್ಲಿನ ಧೂಳು ಕುಡಿದವರಿಗೆ ಒಂದು ದಿನ ಹಸಿರು ಕಾಣಬೇಕೆನ್ನಿಸುವುದು ತಪ್ಪಲ್ಲ. ಗಾಡಿ ನಿಲ್ಲಿಸುವಲ್ಲಿ ಸುಂದರಬಾಯಿಯದೊಂದು ತಗಡಿನ ಅಂಗಡಿ ಇದೆ. ಅಲ್ಲಿ ಮಿರ್ಚಿ ಭಜಿ ಕರಿಯುವವಳು ಸೊಸೆ ಭಾಗ್ಯಶ್ರೀ. ಅತ್ತೆ ಕೊರಳಿಗೆ ಸೀಟಿ ಕಟ್ಟಿಕೊಂಡು ದಿನವಿಡೀ ಬಂಡೆಯ ಮೇಲೆ. ಈ ಕೆಲಸವನ್ನು ಅವರಿಗೆ ಯಾರೂ ಕೊಟ್ಟದ್ದಲ್ಲ.

ಪತ್ರಿಕೆಯ ಲೇಖನಕ್ಕೆಂದು ಅವರನ್ನು ಒಂದು ಕಡೆ ಕೂರಿಸಿ ಮಾತಾಡಿಸುವುದು ಆಗದ ಮಾತು. “ಕುಂದ್ರಿ, ಕುಂದ್ರಿ” ಎಂದು ನನಗೆ ಕಲ್ಲು ತೋರಿಸಿ ತಾವು ನಿಂತೇ ಇರುತ್ತಾರೆ. ಕಣ್ಣು ನನ್ನ ಮೇಲಿರುವುದಿಲ್ಲ. ಅರ್ಧ ಮಾತಿಗೆ ಸೀಟಿ ಊದಿ ಓಡುತ್ತಾರೆ, ಯಾರನ್ನೋ ಗದರಿ ವಾಪಸು ಬಂದು “ಏನು ಹೇಳಾಕತ್ತಿದ್ದೆ?” ಎಂದು ನನ್ನನ್ನೇ ಕೇಳುತ್ತಾರೆ.

ಹೀಗೆ ತುಂಡು ತುಂಡಾಗಿ ಹೇಳಿದ್ದನ್ನು ಜೋಡಿಸಿದರೆ ಕಥೆ ಇಷ್ಟು. ಕೆಲವು ವರ್ಷಗಳ ಹಿಂದೆ ಕಾಲೇಜು ಹುಡುಗನೊಬ್ಬ ಇಲ್ಲಿ ಜಾರಿಬಿದ್ದ. ಹೆಣ ಸಿಗುವವರೆಗೆ ಅವನ ತಾಯಿ ಸುಂದರಬಾಯಿಯ ಅಂಗಡಿಯಲ್ಲೇ ಕೂತಿದ್ದಳು. “ಯಾರ ಬೂಟಿನ ಸಪ್ಪಳಾದ್ರೂ ತಟ್ಟನೆ ಎದ್ದು ನಿಂದ್ರತಿದ್ದಳ್ರಿ. ಚಾ ಕಾಸಿ ಕೊಟ್ಟೆ, ಕುಡೀಲಿಲ್ಲ. ಆರಿದ್ದು ಚೆಲ್ಲಿ ಮತ್ತ ಕಾಸಿದೆ. ನನ್ನಿಂದ ಅದಕ್ಕಿಂತ ಹೆಚ್ಚೇನೂ ಆಗಲಿಲ್ಲ. ಆಕಿ ಹೋದ ಮ್ಯಾಲ ನನಗ ಅಂಗಡ್ಯಾಗ ಕುಂದ್ರಾಕ ಆಗಲಿಲ್ಲ ನೋಡ್ರಿ.” ಅಂದಿನಿಂದ ಅವರು ಬಂಡೆಯ ಮೇಲಿದ್ದಾರೆ.

ಹೋದ ಶ್ರಾವಣದಲ್ಲಿ ನಡೆದದ್ದು ಅವರ ಬಾಳನ್ನು ಅಲುಗಾಡಿಸಿತು. ವಾಡಿಯಲ್ಲಿ ಮೋಟಾರು ರಿಪೇರಿ ಮಾಡುವ ಶಾಂತಕುಮಾರರ ಮನೆಮಂದಿಯೆಲ್ಲ ಅಂದು ಬಂದಿದ್ದರು. ನಡುನೀರಿನ ಹಾಸುಬಂಡೆಯ ಮೇಲೆ ಚಾದರ ಹಾಸಿ, ರೊಟ್ಟಿ ಬುತ್ತಿ ಬಿಚ್ಚಿದ್ದರು. ಬಿಸಿಲು ಚೆನ್ನಾಗಿಯೇ ಇತ್ತು. ಆದರೆ ಮೇಲೆ, ಗುಡ್ಡದಾಚೆ ಮಳೆ ಸುರಿದಿತ್ತು. ನೀರು ಕೆಂಪಗಾಗಿ, ಎಲೆ ಕಸ ತೇಲಿ ಬರುವುದನ್ನು ಸುಂದರಬಾಯಿ ಕಂಡರು. ಸೀಟಿ ಊದಿದರು, ಕೂಗಿದರು. ಬುತ್ತಿಯ ಮುಂದೆ ಕೂತವರು ಕೈಬೀಸಿ “ಆಯ್ತು, ಆಯ್ತು” ಅಂದರು. ಯಾರೂ ಏಳಲಿಲ್ಲ.

ಸುಂದರಬಾಯಿ ನೀರಿಗಿಳಿದು ಹೋಗಿ, ಶಾಂತಕುಮಾರರ ಮೂರು ವರ್ಷದ ಮಗಳನ್ನು ಬಾಚಿ ಎತ್ತಿಕೊಂಡು ದಂಡೆಯತ್ತ ಓಡಿಬಿಟ್ಟರು.

ಮುಂದಿನದನ್ನು ಮಗುವಿನ ತಾಯಿ ಉಮಾದೇವಿ ವಾಡಿಯ ತಮ್ಮ ಮನೆಯಲ್ಲಿ ಹೇಳುತ್ತಾರೆ: “ಮಕ್ಕಳ ಕಳ್ಳಿ ಅಂತ ನಾನೇ ಚೀರಿದೆ. ಇದ್ದಬದ್ದದ್ದೆಲ್ಲಾ ಅಲ್ಲೇ ಬಿಟ್ಟು ಎಲ್ಲಾರೂ ಬೆನ್ನು ಹತ್ತಿದ್ವಿ. ನಮ್ಮ ಅತ್ತಿಯವರಿಗೆ ಮೊಣಕಾಲು ಬ್ಯಾನಿ, ಅವರೂ ಓಡಿದ್ರು. ದಂಡಿಗೆ ಹೋಗಿ ನಮ್ಮ ಮನಿಯವರು ಆಕಿನ್ನ ಮೊದಲ ಹೊಡದ್ರು. ಆಮ್ಯಾಲ ಹಿಂದ ತಿರುಗಿ ನೋಡಿದ್ರು. ಚಾದರ ಇರಲಿಲ್ಲ. ನಾವು ಕುಂತಿದ್ದ ಬಂಡೀನೂ ನೀರಾಗ ಮುಳುಗಿ ಕಾಣಲಿಲ್ಲ.”

ಶಾಂತಕುಮಾರ ಅಲ್ಲೇ ಕುಸಿದು ಕೂತು ಸುಂದರಬಾಯಿಯ ಕಾಲು ಹಿಡಿದರು. ಆದರೆ ಆಚೆ ದಂಡೆಯಲ್ಲಿದ್ದ ಯಾರದೋ ಮೊಬೈಲು ಅಷ್ಟು ಹೊತ್ತಿಗೆ ತನ್ನ ಕೆಲಸ ಮುಗಿಸಿತ್ತು. ಹೆಂಗಸೊಬ್ಬಳು ಮಗು ಎತ್ತಿಕೊಂಡು ಓಡುವುದು, ಜನ ಹಿಡಿದು ಹೊಡೆಯುವುದು, ಅಷ್ಟೇ. ನೀರು ಬರುವ ಮುಂಚೆಯೇ ವಿಡಿಯೊ ಮುಗಿಯುತ್ತದೆ. ‘ಮಕ್ಕಳ ಕಳ್ಳಿ, ಹುಷಾರು’ ಎಂಬ ಒಕ್ಕಣೆ ಹೊತ್ತು ಅದು ಊರೂರು ತಿರುಗಿತು.

ಮುಂದಿನ ವಾರ ಎಣ್ಣೆ ಡಬ್ಬಿ ತರಲು ಸೇಡಂಗೆ ಹೋದ ಸುಂದರಬಾಯಿಯನ್ನು ಬಸ್ ಸ್ಟ್ಯಾಂಡಿನಲ್ಲಿ ಯಾರೋ ಗುರುತು ಹಿಡಿದರು. ಗುಂಪು ಸೇರಿತು. “ಒಬ್ಬ ಫೋನ್ ನನ್ನ ಮಾರಿ ಬಾಜೂಕ ಹಿಡದು ನೋಡ್ದ. ಹೌದು, ಇಕೀನೇ ಅಂದ. ಕೂದಲಕ್ಕ ಕೈ ಹಾಕಿದ್ರು,” ಎನ್ನುವಾಗ ಅವರ ಕೈ ತಾನಾಗಿ ತಲೆಯ ಸೆರಗಿಗೆ ಹೋಗುತ್ತದೆ. ಹಣ್ಣಿನ ಬಂಡಿಯ ರಶೀದಾಬೇಗಂ ಎಂಬವರು ಅವರನ್ನು ತಮ್ಮ ಬಂಡಿಯ ಹಿಂದೆ ಎಳೆದುಕೊಂಡು, ಪೊಲೀಸರು ಬರುವವರೆಗೂ ತಕ್ಕಡಿ ಹಿಡಿದು ಅಡ್ಡ ನಿಂತರು. ಸುದ್ದಿ ತಿಳಿದ ಶಾಂತಕುಮಾರ ದಂಪತಿ ವಾಡಿಯಿಂದ ಓಡಿಬಂದು ನಡೆದದ್ದನ್ನು ಹೇಳಿದರು. ಮಗಳನ್ನು ಸುಂದರಬಾಯಿಯ ತೊಡೆಯ ಮೇಲೆ ಕೂರಿಸಿ ತಾವೂ ಒಂದು ವಿಡಿಯೊ ಬಿಟ್ಟರು. ಅದನ್ನು ನೋಡಿದವರು ಕಡಿಮೆ.

ಅಂದಿನಿಂದ ಸುಂದರಬಾಯಿ ಸೇಡಂಗೆ ಹೋಗಿಲ್ಲ. ಅಂಗಡಿಯ ಸಾಮಾನನ್ನು ಭಾಗ್ಯಶ್ರೀಯೇ ತರುತ್ತಾಳೆ. “ಬಿಟ್ಟುಬಿಡ್ರಿ ಅತ್ತಿ, ನಮಗ್ಯಾಕ ಬೇಕು ಅಂದೆ. ಕೇಳಂಗಿಲ್ಲ,” ಎಂದು ಆಕೆ ಭಜಿ ತಿರುವುತ್ತಲೇ ದೂರುತ್ತಾಳೆ. ಅತ್ತೆ ಬಂಡೆಗೆ ಬರುವುದನ್ನು ಬಿಟ್ಟಿಲ್ಲ, ನಿಜ. ಆದರೆ ಮಕ್ಕಳನ್ನು ಮುಟ್ಟುವುದನ್ನು ಬಿಟ್ಟಿದ್ದಾರೆ. ಪುಟ್ಟ ಮಕ್ಕಳು ಹತ್ತಿರ ಬಂದರೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಬಾಯಲ್ಲೇ ಗದರುತ್ತಾರೆ.

“ಅಂಜಿಕಿ ಐತ್ರಿ, ಸುಳ್ಳ ಯಾಕ ಹೇಳ್ಲಿ? ಹೊಡೆತಕ್ಕಲ್ಲ. ಮತ್ತ ಅಂಥಾ ಹೊತ್ತು ಬಂದ್ರ ನನ್ನ ಕೈ ಮುಂದ ಹೋಗ್ತಾವೋ ಇಲ್ಲೋ ಅಂತ. ರಾತ್ರಿ ಅದೇ ಚಿಂತಿ.”

ಇಂಥ ಲೇಖನಕ್ಕೆ ಮಾತಾಡಿಸಿದವರು ಸಾಮಾನ್ಯವಾಗಿ ಫೋಟೊ ಬೇಡವೆಂದು ನಾಚುತ್ತಾರೆ. ಸುಂದರಬಾಯಿ ಹಾಗಲ್ಲ. ನನ್ನ ಜೊತೆಗಿದ್ದ ಛಾಯಾಗ್ರಾಹಕ ಸಂಘಪಾಲರಿಗೆ ತಾವೇ ಹೇಳುತ್ತಾರೆ: “ಮಾರಿ ಸ್ವಚ್ಛ ಕಾಣಬೇಕ್ರಿ. ಹೆಸರೂ ದೊಡ್ಡದಾಗಿ ಹಾಕ್ರಿ. ಸೇಡಂ ಬಸ್ ಸ್ಟ್ಯಾಂಡಿನ್ಯಾಗ ಪೇಪರ್ ಬರ್ತದಲ್ಲ? ಅಲ್ಲಿನ ಮಂದಿ ನೋಡ್ಲಿ. ನನಗ ಬ್ಯಾರೇನೂ ಬ್ಯಾಡ.” ಸೆರಗು ಸರಿಮಾಡಿಕೊಂಡು ಬಿಸಿಲಿಗೆ ಮುಖವೊಡ್ಡಿ ನಿಲ್ಲುತ್ತಾರೆ. ಸಂಘಪಾಲ ಕ್ಯಾಮೆರಾ ಎತ್ತುತ್ತಾರೆ.

ಅಷ್ಟರಲ್ಲಿ ಸುಂದರಬಾಯಿಯ ಕತ್ತು ಹೊರಳುತ್ತದೆ. ಕೆಳಗೆ ನಾಲ್ಕೈದು ವರ್ಷದ ಹುಡುಗಿಯೊಂದು ಮುಳ್ಳಿನ ಸಂದಿಯಲ್ಲಿ ತೂರಿ ಪಾಚಿಯ ಮೇಲೆ ಕಾಲಿಟ್ಟಿದೆ. ತಾಯಿ ಬೆನ್ನು ತಿರುಗಿಸಿ ಸೆಲ್ಫಿ ತೆಗೆಯುತ್ತಿದ್ದಾಳೆ. ಸುಂದರಬಾಯಿ ಓಡುತ್ತಾರೆ. ಮಗುವಿನ ಮುಂದೆ ಒಂದು ಕ್ಷಣ ನಿಲ್ಲುತ್ತಾರೆ. ಕೈಗಳು ಇನ್ನೂ ಬೆನ್ನ ಹಿಂದೆಯೇ ಇವೆ. ಹುಡುಗಿಯ ಕಾಲು ಜಾರುತ್ತದೆ. ಮರುಕ್ಷಣ ಅದು ಅವರ ಸೊಂಟದ ಮೇಲಿದೆ.

“ಏಯ್, ಯಾರು ನೀನು? ನನ್ನ ಮಗಳನ್ನ ಬಿಡು!” ತಾಯಿ ಕಿರುಚುತ್ತಾ ಬೆನ್ನು ಹತ್ತುತ್ತಾಳೆ. ಆಗಲೇ ಇಬ್ಬರು ಮೊಬೈಲು ಎತ್ತಿ ಹಿಡಿದಿದ್ದಾರೆ.

ಸುಂದರಬಾಯಿ ನಿಲ್ಲುವುದಿಲ್ಲ. ಮಗುವನ್ನು ಇನ್ನಷ್ಟು ಬಿಗಿಯಾಗಿ ಹಿಡಿದು, ಬಂಡೆ ಹತ್ತುತ್ತಲೇ ಹೇಳುತ್ತಾರೆ:

“ಬೈರಿ ಯವ್ವಾ, ಬೈರಿ. ಮೊದಲ ಮ್ಯಾಲ ಬರ್ರಿ, ಆಮ್ಯಾಲ ಬೈರಿ.”